ಖಾಲಿ ಬಿಟ್ಟ ಮನೆ

ಕುಮಟೆಯಲ್ಲಿ ಹನ್ನೆರಡು ದಿನದ ತರಬೇತಿ.
ನಾನು ಮತ್ತೆ ಬೆಂಚಿನ ಮೇಲೆ ಕೂತೆ.
ಮೊಣಕಾಲು ಡೆಸ್ಕಿಗೆ ತಾಗುತ್ತಿತ್ತು.
ಪಕ್ಕದಲ್ಲಿ ಹಳದೀಪುರದ ಗಣಿತದ ಮಾಸ್ತರರು,
ಇಪ್ಪತ್ತಾರು ವರ್ಷ ಕಾಪಿ ಹಿಡಿದವರು,
ಈಗ ನನ್ನ ಹಾಳೆಗೇ ಇಣುಕುತ್ತಿದ್ದರು.

ಮುಖ್ಯ ಶಿಕ್ಷಕರಾಗುವವರು ತಿಳಿದಿರಬೇಕಾದದ್ದು:
ನಗದು ಪುಸ್ತಕ ಬರೆಯುವ ಕ್ರಮ,
ಬಿಸಿಯೂಟದ ಅಕ್ಕಿಗೆ ಹುಳ ಬಿದ್ದರೆ ಯಾರಿಗೆ ಪತ್ರ,
ಗೋಡೆ ಬಿದ್ದರೆ ಯಾರಿಗೆ,
ಮಗು ಬಿದ್ದರೆ ಯಾರಿಗೆ.
ಎಲ್ಲಕ್ಕೂ ಒಂದೊಂದು ನಮೂನೆ ಇತ್ತು.
ಹನ್ನೆರಡು ದಿನವೂ ಊಟಕ್ಕೆ ಮೀನಿರಲಿಲ್ಲ.
ಆ ದೂರಿಗೆ ಮಾತ್ರ ನಮೂನೆ ಸಿಗಲಿಲ್ಲ.

ಅಪ್ಪ ನೆನಪಾದ.
ತದಡಿಯ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದವನು
ಬಂದರು ಕಚೇರಿಯಿಂದ ಲೈಸೆನ್ಸ್ ತಂದ ದಿನ
ನಾಲ್ಕನೆಯ ತರಗತಿಯ ನನ್ನ ಕೈಗೆ ಕೊಟ್ಟು, ಓದು ಅಂದ.
ಹದಿನೆಂಟು ಜನ. ಎರಡು ಸೈಕಲ್ಲು.
ಹೊತ್ತು ಮುಳುಗಿದ ಮೇಲೆ ಇಲ್ಲ.
'ಇಷ್ಟೇಯ? ನೀರಿನ ಸುದ್ದಿ ಎಂತದೂ ಬರೀಲಿಲ್ವ?'
ಮಡಚಿ ಎಲೆಸಂಚಿಯೊಳಗೆ ಇಟ್ಟುಕೊಂಡ.
ಅದೇ ರಾತ್ರಿ ಯಾರನ್ನೋ ದಾಟಿಸಿ ಬಂದ.
ಯಾರನ್ನೆಂದು ಅವ್ವಿ ಕೇಳಿದರೂ ಹೇಳಲಿಲ್ಲ.

ಹನ್ನೊಂದನೆಯ ದಿನ ಪರೀಕ್ಷೆ.
ಪ್ರಶ್ನೆ ಮೂವತ್ತೆರಡು:
ಶಿಕ್ಷಕಿಯೊಬ್ಬರು ಒಂದೇ ವಾರದಲ್ಲಿ
ಮೂರು ದಿನ ತಡವಾಗಿ ಬಂದರೆ
ಮುಖ್ಯ ಶಿಕ್ಷಕರು ಕೈಗೊಳ್ಳಬೇಕಾದ ಕ್ರಮ ಯಾವುದು?
ಅ, ಆ, ಇ, ಈ.

ಆ ಶಿಕ್ಷಕಿಯ ಗುರುತು ನನಗಿತ್ತು.
ಅಘನಾಶಿನಿಯ ಶಾಲೆ, ನೌಕರಿಯ ಮೊದಲ ಮಳೆಗಾಲ,
ಅಪ್ಪನಿಗೆ ಜ್ವರ, ದಡದಲ್ಲಿ ಜನ.
ಹುಟ್ಟು ಹಿಡಿದವಳು ನಾನೇ, ಲೈಸೆನ್ಸ್ ಇಲ್ಲದವಳು.
ಎರಡು ಸಲ ಹೋಗಿ ಬಂದು
ಒದ್ದೆ ಸೀರೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದಾಗ
ಹತ್ತೂಮುಕ್ಕಾಲು.

ಬೊಮ್ಮಯ್ಯ ಗುನಗ ಸರ್ ಗಡಿಯಾರ ನೋಡಲಿಲ್ಲ.
ನನ್ನ ಅಂಗೈಯ ಗುಳ್ಳೆ ನೋಡಿದರು.
ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದಿನ ಮನೆ
ಖಾಲಿಯೇ ಬಿಟ್ಟು
'ಪೆನ್ನಿನ ಶಾಯಿ ಮುಗೀತು, ಸಂಜೆ ನೋಡುವ' ಅಂದರು.
ಮೂರು ದಿನವೂ ಮುಗಿದಿತ್ತು ಶಾಯಿ.

ಮೂವತ್ತೆರಡಕ್ಕೆ ನಾನು 'ಇ' ಎಂದು ಗುರುತು ಹಾಕಿದೆ:
ಕಾರಣ ಕೇಳಿ ನೋಟಿಸು.
ಸರಿ ಉತ್ತರ. ನೂರಕ್ಕೆ ಎಂಬತ್ತೊಂಬತ್ತು.
ಗುಂಪು ಫೋಟೋ, ಚಹಾ, ಪ್ರಮಾಣಪತ್ರ.
ಅದರಲ್ಲಿ ತುಳಸು ಅಂಬಿಗ
ತುಳಸಿ ಆಗಿದ್ದಳು.

ಜೂನಿನಲ್ಲಿ ಬೇಲೆಕೇರಿಗೆ ಬಂದು ಚಾರ್ಜು ತಗೊಂಡೆ.
ಬೀಗದ ಕೈ ಹದಿಮೂರು, ಬೀಗ ಒಂಬತ್ತು.
ಗ್ಲೋಬು ಒಂದು, ತಿರುಗುವುದಿಲ್ಲ.
ಗಂಟೆ ಒಂದು.
ಅದನ್ನು ಹೊಡೆಯುವ ಕಬ್ಬಿಣದ ತುಂಡು, ಅದೂ ಪಟ್ಟಿಯಲ್ಲಿ.
ಸಹಿ ಹಾಕುತ್ತ ಹಾಕುತ್ತ
ನನ್ನ ಸಹಿಯೇ ಬೇರೆಯವರದ್ದಾಗಿ ಕಂಡಿತು.

ಎರಡನೆಯ ವಾರ, ಗುರುವಾರ.
ಮೆಹಜಬೀನ್ ಟೀಚರ್ ಬಾಗಿಲಲ್ಲಿ ನಿಂತಿದ್ದಾಳೆ.
ಮೂರನೆಯ ಸಲ. ಹತ್ತೂ ಇಪ್ಪತ್ತು.
ನಾನೂ ಮೊದಲು ಅಂಗೈಯನ್ನೇ ನೋಡಿದೆ.
ಗುಳ್ಳೆ ಇರಲಿಲ್ಲ.
ಟಿಫಿನ್ ಡಬ್ಬಿ, ಮಡಚಿದ ಕೊಡೆ,
ಮುಖದಲ್ಲಿ ಎಂತದೂ ಬರೆದಿರಲಿಲ್ಲ.
ಬೊಮ್ಮಯ್ಯ ಸರ್‌ಗೆ ಎಷ್ಟು ಸುಲಭವಾಗಿತ್ತು!
ಅಥವಾ ಅವರೂ ಹೀಗೇ,
ಪೆನ್ನು ಕೈಯಲ್ಲಿ ಹಿಡಿದು, ಗೊತ್ತಾಗದೆ...

ನನ್ನ ಪೆನ್ನಿನಲ್ಲಿ ಬೇಕಾದಷ್ಟು ಶಾಯಿ ಇದೆ.
'ಕೂತ್ಕೊಳಿ' ಅಂದೆ.
ಅತ್ತ ಮೂರನೆಯ ತರಗತಿ ಟೀಚರಿಲ್ಲದೆ
ಏಳರ ಮಗ್ಗಿ ತಾನೇ ಹೇಳಿಕೊಳ್ಳುತ್ತಿತ್ತು,
ಏಳೇಳಲ ನಲವತ್ತೊಂಬತ್ತು,
ಏಳೆಂಟಲ
ಅನ್ನುವಲ್ಲಿ ನಿಂತಿತು.