ಎರಡು ನಿಮಿಷ

ಬೀದಿದೀಪ ಆಯಿತು, ಗುಂಡಿ ಆಯಿತು,
ಪಾರ್ಕಿನಲ್ಲಿ ನಾಯಿಗಳಿಗೆ ಬೇಲಿ ಹಾಕಿಸುವ ಮಾತಿಗೆ
ಮುಕ್ಕಾಲು ಗಂಟೆ ಹೋಯಿತು.
ವಾರ್ಡ್ ಸಭೆಯ ಕೊನೆಗೆ, ಕಾಫಿ ಲೋಟ ಎತ್ತುವ ಹೊತ್ತಿಗೆ
'ಆಶಾ ಮೇಡಂ, ನಿಮಗೆ ಎರಡು ನಿಮಿಷ' ಅಂದಿರಿ.

ಸರಿ ಸಾರ್.
ನನ್ನ ಗೌರವಧನ ನಾಲ್ಕು ತಿಂಗಳಿಂದ ಬಂದಿಲ್ಲ,
ಅದು ಬೇರೆ ಅರ್ಜಿ, ಇವತ್ತು ಬೇಡ.

ಇವತ್ತು ಲಗ್ಗೆರೆಯ ದೇವೀರಮ್ಮ.
ಹೆತ್ತ ನಲವತ್ತೆರಡನೇ ದಿನಕ್ಕೇ
ತಲೆಗೆ ಸ್ಕಾರ್ಫು ಬಿಗಿದು, ಕಿವಿಗೆ ಹತ್ತಿ ತುರುಕಿ
ಪೀಣ್ಯದ ಹೊಲಿಗೆ ಸಾಲಿಗೆ ವಾಪಸ್ಸಾದವಳು.
ಗಂಟೆಗೆ ಎಂಬತ್ತು ಕಾಲರ್.
ಹನ್ನೊಂದಕ್ಕೆ ಎದೆ ಕಲ್ಲಾಗುತ್ತದೆ.
ಸೂಪರ್‌ವೈಸರ್ ಟೋಕನ್ ಕೊಟ್ಟರೆ ಐದು ನಿಮಿಷ,
ಚಿಲಕವಿಲ್ಲದ ಬಾಗಿಲಿಗೆ ಬೆನ್ನು ಕೊಟ್ಟು
ಬೇಸಿನ್ನಿಗೆ ಹಿಂಡುತ್ತಾಳೆ,
ನಲ್ಲಿ ತಿರುಗಿಸುತ್ತಾಳೆ.

ಹುತ್ತಕ್ಕೆ ಹಾಲೆರೆಯಲು ವರ್ಷಕ್ಕೊಂದು ಪಂಚಮಿ ಸಾಕು ನಮಗೆ.
ಅವಳು ದಿನಾ ಎರೆಯುತ್ತಾಳೆ,
ಪೈಪು ಇಳಿದು, ಮೋರಿ ಹಿಡಿದು,
ವೃಷಭಾವತಿಯ ನೊರೆಗೆ.

ಆ ಹೊತ್ತಿಗೆ ಇತ್ತ ಕೂಸು
ಏಳು ವರ್ಷದ ಅಕ್ಕನ ಸೊಂಟದಲ್ಲಿ
ಸಕ್ಕರೆ ನೀರು ಚೀಪುತ್ತದೆ.
ಅಕ್ಕ ಶಾಲೆ ಬಿಟ್ಟಿದ್ದು ಶಿಕ್ಷಣ ಇಲಾಖೆಯ ವಿಷಯ, ಗೊತ್ತು ಸಾರ್.
ಕೂಸಿನ ತೂಕ ಮಾತ್ರ ನನ್ನದು:
ಹೋದ ತಿಂಗಳು ಮೂರೂಕಾಲು ಕೆಜಿ,
ಈ ತಿಂಗಳೂ ಮೂರೂಕಾಲು.
ತಕ್ಕಡಿ ಕೆಟ್ಟಿದೆಯೇನೋ ಅಂತ
ಅಕ್ಕಿ ಪ್ಯಾಕೆಟ್ಟು ಇಟ್ಟು ನೋಡಿದೆ.
ಕೆಟ್ಟಿಲ್ಲ.

ಐವತ್ತು ಜನ ದುಡಿಯುವ ಕಡೆ ಕೂಸಿನ ಮನೆ ಇರಬೇಕು,
ಕಾನೂನಿದೆ.
ಅದಕ್ಕೇ ಕಂಟ್ರಾಕ್ಟರನ ಹಾಜರಿ ಪುಸ್ತಕದಲ್ಲಿ
ಯಾವ ತಿಂಗಳು ನೋಡಿದರೂ ನಲವತ್ತೊಂಬತ್ತು ಹೆಸರು.
ಗೇಟಿನಲ್ಲಿ ನಿಂತು ಬುತ್ತಿ ಚೀಲ ಎಣಿಸಿದ್ದೇನೆ ನಾನು.
ಐವತ್ತನೆಯದು ದೇವೀರಮ್ಮನದು.
ಪುಸ್ತಕದಲ್ಲೇ ಇಲ್ಲದವಳು ರಜೆ ಯಾರನ್ನು ಕೇಳಬೇಕು?

'ಬಾಣಂತನ ತವರಿನ ಮಾತು, ಸಭೆಗೆ ಯಾಕೆ ತರ್ತೀರಾ'
ಅಂದರು ಹಿಂದಿನ ಸಾಲಿನಿಂದ ಯಾರೋ.
ಅವಳ ತವರಿಗೆ ಈಗ ಬೀಗ.
ನೀವು ತವರಾಗಬೇಡಿ.
ಸೀರೆ ಬೇಡ, ಮಡಿಲಕ್ಕಿ ಬೇಡ.
ಆರು ತಿಂಗಳು ಸಂಬಳದ ರಜೆ,
ಹೆಸರು ಯಾವ ಪುಸ್ತಕದಲ್ಲಿದ್ದರೂ, ಇಲ್ಲದಿದ್ದರೂ.
ಆಮೇಲೆ ಹೊಲಿಗೆ ಸಾಲಿನ ಕೂಗಳತೆಯಲ್ಲಿ ಒಂದು ಕೋಣೆ,
ಫ್ಯಾನು, ನೀರು,
ಒಳಗಿನಿಂದ ಹಾಕಿಕೊಳ್ಳಲು ಬರುವ ಚಿಲಕ.

ಹ್ಞಾಂ, ಮುಗೀತು ಸಾರ್, ಕೂರುತ್ತೇನೆ.
ನಡಾವಳಿಯಲ್ಲಿ 'ಆರೋಗ್ಯ: ಚರ್ಚಿಸಲಾಯಿತು' ಅಂತ ಬರೆಯುತ್ತಿದ್ದಾರೆ,
ಇಲ್ಲಿಂದಲೇ ಕಾಣುತ್ತದೆ.
ಅದರ ಮೇಲೆ ಒಂದು ಗೀಟು ಎಳೆದು
ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ:
೫೦. ಐವತ್ತು.