ಮರಳಿದ ಸಮಯ

ಜಾಂಬೆಜಿ ಬಯಲಿನ ಅಂಚಿಗೆ, ಮೊಂಗು ಪಟ್ಟಣದ
ಸರ್ಕಾರಿ ವಾಹನ ಶೆಡ್ಡಿನಲ್ಲಿ
ಹನ್ನೊಂದು ವರ್ಷದಿಂದ ಲಾಗ್‌ಬುಕ್ಕು ಬರೆಯುವವಳು ನಾನು, ನಮಕಾವು.
ಹೊರಟ ಸಮಯ, ಮರಳಿದ ಸಮಯ,
ನಡುವೆ ಓಡಿದ ಕಿಲೋಮೀಟರು, ಕುಡಿದ ಡೀಸೆಲ್ಲು,
ಅಪ್ಪಣೆ ಕೊಟ್ಟವರ ಸಹಿ.
ಸಹಿಯಿಲ್ಲದೆ ಇಲ್ಲಿ ಚಕ್ರ ತಿರುಗುವುದಿಲ್ಲ;
ಪಂಕ್ಚರ್ ಆಗಲಿಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ.

ನಿಯಮಪುಸ್ತಕ ಲುಸಾಕಾದಿಂದ ಬಂದದ್ದು.
ಅಲ್ಲಿ ಡಾಂಬರು ಇದೆ.
ಇಪ್ಪತ್ತು ಸಾವಿರಕ್ಕೊಮ್ಮೆ ಫಿಲ್ಟರು ಬದಲಿಸಿ, ಅನ್ನುತ್ತದೆ ಪುಟ ಹದಿನೇಳು.
ಇಲ್ಲಿ ಮರಳು. ಬಿಳಿ, ನುಣ್ಣನೆ ಹಿಟ್ಟು.
ಕ್ಲಚ್ಚನ್ನು ಹುರಿಗಡಲೆಯಂತೆ ಅಗಿಯುತ್ತದೆ.
ಎರಡು ಸಲ ಪತ್ರ ಬರೆದೆ. ಉತ್ತರ ಬಂತು:
ಮರಳಿಗೆಂದು ಪ್ರತ್ಯೇಕ ಅಂಕಣವಿಲ್ಲ.

ಲಿಕಾಂಡೋ ಡ್ರೈವರು. ಹಳೆಯ ಲ್ಯಾಂಡ್ ಕ್ರೂಸರು ಅವನದು.
ಅವನದು ಅನ್ನಬಾರದು, ಪುಟ ಮೂರು:
ವಾಹನ ಪ್ರಜೆಗಳ ಸ್ವತ್ತು.
ಅದರ ಎಡಬಾಗಿಲು ತುಸು ಎತ್ತಿ ಎಳೆದರಷ್ಟೇ ತೆರೆಯುತ್ತದೆಂದು
ಯಾವ ಪ್ರಜೆಗೂ ಗೊತ್ತಿರಲಿಲ್ಲ.
ಶಾಂಗೊಂಬೊ ದಾರಿಗೆ ಟೈರಿನ ಗಾಳಿ ಎಷ್ಟು ಬಿಡಬೇಕೆಂದು
ಅವನು ಕಿವಿಯಲ್ಲೇ ಅಳೆಯುತ್ತಿದ್ದ,
ಹಾಲುಕ್ಕುವ ಸದ್ದಿಗೆ ಕಾದು ಕೂತವರ ಹಾಗೆ.

ಆಮೇಲೆ ದುರಸ್ತಿಯ ಖರ್ಚು ಬೆಲೆಯ ಅರ್ಧ ದಾಟಿತು.
ಅರ್ಧ ದಾಟಿದ್ದು ಗುಜರಿ. ಪುಟ ನಲವತ್ತು.
ಮೂವರ ಸಮಿತಿ ಬಂತು, ಸುತ್ತ ನಡೆದು ನೋಡಿತು,
ಒಬ್ಬರು ಟೈರನ್ನು ಒದ್ದರು. ಅದೇ ಪರೀಕ್ಷೆ.
ನಂಬರ್ ಪ್ಲೇಟು ಬಿಚ್ಚುವ ಕೆಲಸ ನನಗೆ. ನಾಲ್ಕು ತಿರುಪು.
ಒಂದು ತುಕ್ಕು ಹಿಡಿದು ಬರಲೊಲ್ಲದು;
ಲಿಕಾಂಡೋ ಎಣ್ಣೆ ತಂದು ಬಿಟ್ಟ,
ಮಾತಾಡಲಿಲ್ಲ.

ಹರಾಜಿನಲ್ಲಿ ಇಲಾಖೆಯವರು ಕೂಗುವಂತಿಲ್ಲ,
ಅವರ ಹೆಂಡಿರು ಮಕ್ಕಳೂ.
ಭಾವಮೈದುನನ ಬಗ್ಗೆ ಪುಸ್ತಕ ಸುಮ್ಮನಿದೆ.
ಅವನು ಕೇಳಿದ್ದು ನಿಜ, ನಾನು ಪುಟ ತಿರುವಿ ನೋಡಿದ್ದೂ ನಿಜ.
ಆದರೆ ಭಾವಮೈದುನನ ಹತ್ತಿರ ದುಡ್ಡಿರಲಿಲ್ಲ.

ಹರಾಜಿಗೆ ಇನ್ನೂ ಮೂರು ವಾರ ಇರುವಾಗ
ಹೊಸವು ಬಂದವು. ಮೂರು ದರಪಟ್ಟಿ, ಕಡಿಮೆಯದು ಗೆದ್ದಿತ್ತು.
ಆರು ಬಿಳಿ ಕಾರು,
ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು,
ಸೀಟಿನ ಮೇಲೆ ಪ್ಲಾಸ್ಟಿಕ್ಕು ಇನ್ನೂ ಹಾಗೇ.
ಲುಸಾಕಾದಿಂದ ಲಾರಿ ಏರಿ ಬಂದು
ನಮ್ಮ ಗೇಟಿನೆದುರು ಇಳಿದವು.
ಮೊದಲನೆಯದು ಇಪ್ಪತ್ತು ಹೆಜ್ಜೆ ನಡೆಯಿತು.
ಕೂತಿತು.
ಆಕ್ಸಿಲರೇಟರು ತುಳಿದಷ್ಟೂ ಇಳಿಯಿತು.
ಸಾರಿಗೆ ಅಧಿಕಾರಿ ಮುಯುಂಡಾ ಟೈ ಸಡಿಲಿಸಿ ದೂಡಿದರು,
ಶಾಲೆ ಬಿಟ್ಟ ಹುಡುಗರು ದೂಡಿದರು, ಮೀನು ಮಾರುವ ಹೆಂಗಸೊಬ್ಬಳು
ಬುಟ್ಟಿ ಇಳಿಸದೆಯೇ ಸಲಹೆ ಕೊಟ್ಟಳು.

ಆಗ ಶೆಡ್ಡಿನ ಹಿಂದಿನಿಂದ ಒಂದು ಕೆಮ್ಮು.
ಪ್ಲೇಟಿಲ್ಲದ, ಪುಸ್ತಕದಲ್ಲಿ ಸತ್ತ ಗಾಡಿ
ಅರೆಗಾಳಿಯ ಟೈರಿನ ಮೇಲೆ ತೂಗುತ್ತ ಬಂತು,
ಹಗ್ಗ ಕಟ್ಟಿಸಿಕೊಂಡಿತು,
ಆರನ್ನೂ ಒಂದೊಂದಾಗಿ ಒಳಗೆ ಎಳೆದಿಟ್ಟು
ತನ್ನ ಗುಜರಿಯ ಜಾಗಕ್ಕೇ ಹೋಗಿ ನಿಂತಿತು.
ಡೀಸೆಲ್ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.
ಕೇಳಿದರೆ ಮೊದಲು ನನ್ನನ್ನೇ ಕೇಳಬೇಕು.

ಸಂಜೆ ಮುಯುಂಡಾ ಮೇಜಿನ ಬಳಿ ಬಂದರು: ಬರೀರಿ.
ಏನಂತ ಬರೀಲಿ, ಸಾರ್?
ಇಲ್ಲದ ವಾಹನ ಇರುವುದನ್ನು ಎಳೆಯಿತು ಅಂತಲೇ?
ಅವರು ಕನ್ನಡಕ ಒರೆಸಿದರು, ಬಹಳ ಹೊತ್ತು ಒರೆಸಿದರು,
ಮನೆಗೆ ಹೋದರು. ನಡೆದೇ.

ಲಿಕಾಂಡೋ ಹೊಸ್ತಿಲಲ್ಲಿ ಬೂಟು ಕೊಡವುತ್ತಿದ್ದ.
ಹೊಸ ಲಾಗ್‌ಬುಕ್ಕು, ಮೊದಲ ಪುಟ.
ಹೊರಟ ಸಮಯ ಖಾಲಿ ಬಿಟ್ಟೆ. ಅಪ್ಪಣೆ ಖಾಲಿ.
ಮರಳಿದ ಸಮಯ ಎಂದಿರುವಲ್ಲಿ ಪೆನ್ನು ಊರುವಷ್ಟರಲ್ಲಿ
ಅವನ ಬೂಟಿನದೋ ನನ್ನ ತೋಳಿನದೋ
ಒಂದಿಷ್ಟು ಬಿತ್ತು.
ಊದಲಿಲ್ಲ, ಒರೆಸಲಿಲ್ಲ.
ಪುಸ್ತಕ ಮುಚ್ಚಿದೆ.
ಕರಕರ ಅಂದಿತು.