ಪಾಳಿ

ಕರೆಂಟ್ ಹೋತಂದ್ರ
ಪಟ್ಟಾ ಸಣ್ಣಗ ನರಳಿ ನಿಂದರತೈತಿ.
ಕಿವ್ಯಾಗ ಗಿರಣಿ ಇನ್ನೂ ತಿರಗತಿರತೈತಿ, ಖರೆ,
ಮಾತು ಕೇಳತಾವು.
ಆಗ ನಮ್ಮ ಸಾಲಿ ಸುರು.

ಚಡಚಣದಾಗ ತ್ರೀ ಫೇಸ್ ಯಾವಾಗ ಹೋಗತೈತಿ, ಯಾವಾಗ ಬರತೈತಿ,
ಲೈನ್‌ಮನ್ನನ ಹೇಂತಿಗೂ ಗೊತ್ತಿಲ್ಲ.
ಅದಕ್ಕ ಈ ಸಾಲಿಗೆ ಗಂಟಿ ಇಲ್ಲ.

ಪುಸ್ತಕ ಐತಿ. ಅ ಅಂದ್ರ ಅರಸ, ಆ ಅಂದ್ರ ಆನೆ.
ನಮ್ಮ ಓಣ್ಯಾಗ ಅರಸನೂ ಇಲ್ಲ, ಆನಿನೂ ಇಲ್ಲ.
ಡಬ್ಬಿ ಅದಾವು, ಹದಿನೇಳು, ಪಾಳಿ ಹಚ್ಚಿ ಇಟ್ಟದ್ದು.
ಒಂದೊಂದರ ಹೊಟ್ಟಿ ಮ್ಯಾಲೂ ಖಡುಲೆ ಒಂದು ಹೆಸರು.
ಬರದಾಕಿ ನಾನು. ಆರನೇತ್ತಕ್ಕ ಬಿಟ್ಟ ಕೈ,
ಅಕ್ಷರ ಒಂದು ಕಡೆ ವಾಲತಾವು.

ಬಟ್ಟ ಇಟ್ಟು ಓದತಾಳ ಮಗಳು.
"ಕ... ಮ... ಲಾ. ಕಮಲಾ! ಜ್ವಾಳ, ಐದು ಕಿಲೋ."
ಐದು ಕಿಲೋ ಅಂತ ನಾ ಬರದೇ ಇಲ್ಲ.
"ಮ... ಹ... ಮಹಬೂಬಿ ಕಾಕು!"
ಅದು ಓದಿದ್ದಲ್ಲ,
ಡಬ್ಬಿಯ ತೆಗ್ಗು ನೋಡಿ ಗುರತು ಹಿಡದದ್ದು.

ಮರುದಿನ ಹೆಸರು ಅದಲಾಬದಲಿ ಬರದೆ, ಸುಮ್ಮನ, ಪರೀಕ್ಷಾಕ್ಕ.
ಒರಸೂದು ಮರತೆ.
ಮಹಬೂಬಿಯ ಗೋದಿ ಕಮಲಾನ ಮನ್ಯಾಗ ಚಪಾತಿ ಆತು.
ಸಂಜಿಗೆ ಇಬ್ರೂ ಬಂದು ಬೈದರು,
ಆಮ್ಯಾಲ ಕುಂತು ನಕ್ಕರು,
ಚಾ ಕುಡದು ಹೋದರು.

ಇವತ್ತ ಕಟ್ಟಕಡೀ ಡಬ್ಬಿಗೆ ಬಂದು ನಿಂತಳು.
"ದು... ಗ... ಅವ್ವಾ, ಗ-ದ ಹಿಂದ ಇದೇನು, ಬಾಲ?"
"ಅದು ರ."
"ರ ಹಿಂಗ ಇರಂಗಿಲ್ಲ."
"ಇದು ಅರ್ಕಾ. ಬರಿಯೂದು ಹಿಂದ, ಅನ್ನೂದು ಮುಂದ."
"ಯಾಕ?"
ಯಾಕ ಅಂತ ನನಗ ಯಾರೂ ಹೇಳಿಲ್ಲ.
ಮಾಸ್ತರು ಬಡದಿದ್ರು, ಬಂದಿತ್ತು.

ಅಷ್ಟರಾಗ ದುರ್ಗವ್ವ ಬಂದಳು, ಸೆರಗಿಲೆ ಮಾರಿ ಒರಸಿಕೋತ.
ಹೊತ್ತು ಮುಳುಗೂದರಾಗ
ಖಾನಾವಳಿಗೆ ನೂರು ರೊಟ್ಟಿ ಮುಟ್ಟಸಬೇಕು ಆಕಿ.
ಕಟ್ಟಿ ಮ್ಯಾಲ ಕುಂತವರು ತಾವ ಅಂದರು,
"ಕರೆಂಟ್ ಬಂದ್ರ ಮೊದಲ ಇಕಿದು ಹಾಕವ್ವ,
ನಮ್ಮದು ಆಮ್ಯಾಲ ನಡೀತೈತಿ."

ಮಗಳು ದುರ್ಗವ್ವನ್ನ ನೋಡಿದಳು, ಡಬ್ಬಿ ನೋಡಿದಳು,
ಮತ್ತ ಆ ಬಾಲ ನೋಡಿದಳು.
"ಹಂಗಾರ ರ-ಕ್ಕೂ ಖಾನಾವಳಿ ರೊಟ್ಟಿ ಐತೇನು?"

ಹೌದವ್ವ, ಅಂದೆ.
ಇದಕ್ಕಿಂತ ಚಲೋ ಉತ್ತರ ಯಾವ ಸಾಲ್ಯಾಗ ಐತಿ?

ಆಮ್ಯಾಲ ಕೆಳಗ ಕುಂತು
ನೆಲದ ಮ್ಯಾಲಿನ ಹಿಟ್ಟಿನಾಗ ಏನೋ ಗೀಚಿದಳು, ನಾಕು ಅಕ್ಷರ.
"ಈಗ ನೀ ಓದು."

ಬಗ್ಗಿ ನೋಡಿದೆ. ಗುರುಬಾಯಿ.
ಆಕಿ ಹೆಸರು. ಮೊದಲ, ನಮ್ಮ ಅತ್ತಿ ಹೆಸರು.
ಹುಟ್ಟಿದಾಗಿಂದ "ಸಣ್ಣಾಕಿ" ಅಂತ ಕರದೀನಿ,
ಸಾಲಿಗೆ ಹಚ್ಚೂ ದಿನ ಮಾಸ್ತರು ಕೇಳಿದ್ರ
ಗಂಡನ ಮಾರಿ ನೋಡೀನಿ.
ಚೀಟಿ ಮ್ಯಾಲ ಬರದೇನಿ, ರೇಶನ್ ಕಾರ್ಡಿನಾಗ ತೋರಸೇನಿ,
ಬಾಯಿಲೆ ಮಾತ್ರ ಒಂದು ದಿನಾನೂ ಅಂದಿಲ್ಲ.

"ಬರಂಗಿಲ್ಲೇನು ನಿನಗ?" ಅಂದಳು ಮಗಳು,
ಥೇಟ್ ನಾ ಆಕಿಗೆ ಅನ್ನೂ ಹಂಗ.

ಒಳಗ ಮರದಾಗ ಗೋದಿ ಹಸನ ಮಾಡತಿದ್ದ ಅತ್ತಿ
ಕೈ ನಿಂದರಸಲಿಲ್ಲ.
"ಓದ, ಓದ. ನನಗ ಈಗೀಗ ಕಿವಿ ಕೇಳಂಗಿಲ್ಲ."
ಮೂರು ಮನಿ ಆಚೆ ಹಾಲು ಉಕ್ಕಿದ್ರ ಕೇಳತೈತಿ ಆಕಿಗೆ.

ಬಟ್ಟ ಇಟ್ಟೆ, ಹಿಟ್ಟು ತಣ್ಣಗ ಹತ್ತಿತು.
ಗು, ಅಂದೆ.
ರು, ಅನ್ನೂದರಾಗ
ತಲಿ ಮ್ಯಾಲಿನ ಬಲ್ಬ್ ಫಕ್ಕನೆ ಹತ್ತಿತು.

ಕೈ ಸ್ವಿಚ್ಚಿಗೆ ಹೋತು, ಚಾಳಿ.
ದುರ್ಗವ್ವ ಎದ್ದಾಕಿ ಮತ್ತ ಕುಂತಳು,
"ತಡೀ, ಪಾಳಿ ಆಕಿದು," ಅಂದಳು.

"ಇನ್ನೂ ಎರಡು ಅದಾವು," ಅಂದಳು ಮಗಳು.